ಬೆಟ್ಟ, ಕಾಡು, ಕಡಲು ತೋರಿಸಿ ಪ್ಲಾಟ್ ಮಾರುವವರಿಗೆ ಗ್ರಾಮಸಭೆಯ ಮೂರು ಪ್ರಶ್ನೆ

ನಮ್ಮ ಮೊಬೈಲಿಗೆ ಈಗೀಗ ಒಂದೇ ತರಹದ ಜಾಹೀರಾತುಗಳು ಬರುತ್ತಿವೆ. ಹಸಿರು ಗುಡ್ಡ, ಮಂಜು, ಕೆಂಪು ಹಂಚಿನ ಮನೆ. ‘ಹುಬ್ಬಳ್ಳಿಯಿಂದ ಸ್ವಲ್ಪವೇ ದೂರ, ಕಾಡು ಪಕ್ಕದಲ್ಲೇ, ಕಡಲು ಕೆಲವೇ ತಾಸು, ಗುಂಟೆ ಲೆಕ್ಕದಲ್ಲಿ ಫಾರ್ಮ್ ಪ್ಲಾಟ್.’ ನವಲಗುಂದದ ಎರೆಹೊಲದಾಗ ಬಿಸಿಲಿಗೆ ಕುಂತು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ನಮಗೂ ಆಗಿದೆ.

ಹೊಲ ಮಾರುವ ರೈತನನ್ನು ನಾವು ದೂರುವುದಿಲ್ಲ. ಸಾಲ, ಮಗಳ ಮದುವೆ, ಕೈಕೊಟ್ಟ ಮಳೆ, ಅವನ ಕಷ್ಟ ಅವನಿಗೇ ಗೊತ್ತು. ಆದರೆ ಗುಡ್ಡದ ಮೇಲೆ, ಕಾಡಂಚಿನಲ್ಲಿ ಬಡಾವಣೆ ಏಳುವುದು ಇಬ್ಬರ ನಡುವಿನ ವ್ಯವಹಾರ ಅಷ್ಟೇ ಆಗಬಾರದು. ಅದು ಊರು ಕೂತು ಮಾತಾಡಬೇಕಾದ ವಿಷಯ ಎಂಬುದು ನಮ್ಮ ಅಭಿಪ್ರಾಯ. ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಕೇಳೋಣ.

ಮೊದಲನೆಯದು, ನೀರು ಎಲ್ಲಿಂದ? ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಕಲಘಟಗಿ ಸೀಮೆಯಲ್ಲಿ ಬೇಡ್ತಿ ಆಗುತ್ತದೆ. ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅರಬ್ಬಿ ಸಮುದ್ರ ಸೇರುತ್ತದೆ. ಇದೇ ಹೊಳೆಯ ನೀರು ಕಲಘಟಗಿ ತಾಲೂಕಿನ ನೀರಸಾಗರ ಕೆರೆಗೂ ಬೇಕು. ಗುಡ್ಡದ ಮೇಲೆ ಮನೆಗೊಂದು ಬೋರ್‌ವೆಲ್, ಈಜುಕೊಳ ಬಂದರೆ ಕೆಳಗಿನ ಊರಿನ ಬಾವಿ ಬೇಸಿಗೆಯಲ್ಲಿ ಏನಾಗುತ್ತದೆ? ಕೊಳಚೆ ನೀರು ಯಾವ ಹಳ್ಳಕ್ಕೆ ಇಳಿಯುತ್ತದೆ?

ಎರಡನೆಯದು, ಗುಡ್ಡ ಎಷ್ಟು ಕಡಿಯುತ್ತೀರಿ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ಚಹಾ ಅಂಗಡಿ, ನಿಂತ ಲಾರಿ, ಜನ ಎಲ್ಲ ಮಣ್ಣಿನಡಿ ಹೋದರು. ಮಣ್ಣು ಬಿದ್ದದ್ದು ಇದೇ ಗಂಗಾವಳಿಗೆ. ನೀರು ಅಲೆಯಾಗಿ ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ನುಗ್ಗಿತು. ಅದಕ್ಕೂ ಮುಂಚೆ, 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಅಡಿಕೆ ತೋಟಗಳೇ ಜಾರಿ ಹೋದವು, ಅರಬೈಲ್ ಘಟ್ಟದ ರಸ್ತೆ ಬಂದ್ ಆಯಿತು. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತದೆ. ಮರದ ಬೇರು ಇಲ್ಲದಿದ್ದರೆ ಹಿಡಿತ ಹೋಗುತ್ತದೆ. ವಾರಗಟ್ಟಲೆ ಮಳೆ ಕುಡಿದ ಮಣ್ಣು ಭಾರವಾಗಿ ಒಮ್ಮೆಲೇ ಇಳಿಯುತ್ತದೆ. ಜೆಸಿಬಿಗೆ ಒಂದು ದಿನದ ಕೆಲಸ, ಕೆಳಗಿನವರಿಗೆ ಪ್ರತಿ ಮಳೆಗಾಲದ ಅಂಜಿಕೆ.

ಮೂರನೆಯದು, ಪ್ರಾಣಿಗಳ ದಾರಿ ಯಾವುದು? ‘ಬಾಲ್ಕನಿಯಿಂದ ಕಾಡುಪ್ರಾಣಿ ನೋಡಿ’ ಅಂತ ಜಾಹೀರಾತು ಹೇಳುತ್ತದೆ. ಹಳಿಯಾಳ, ಮುಂಡಗೋಡ, ಕಲಘಟಗಿಯ ಕಾಡಂಚಿನ ರೈತರಿಗೆ ಆ ಪ್ರಾಣಿ ಅಂದರೆ ಭತ್ತ ತೆನೆಗಟ್ಟಿದಾಗ ಗದ್ದೆಗೆ ಇಳಿಯುವ ಆನೆ, ಗೋವಿನಜೋಳ ಕೆಡಿಸುವ ಹಂದಿ. ಬಡಾವಣೆಯವರು ತಮ್ಮ ಸುತ್ತ ತಂತಿ ಬೇಲಿ ಹಾಕಿಕೊಂಡರೆ ಆನೆ ಊರು ಬಿಟ್ಟು ಹೋಗುವುದಿಲ್ಲ. ಪಕ್ಕದ ಬಡವನ ಗದ್ದೆಗೆ ತಿರುಗುತ್ತದೆ. ರಾತ್ರಿ ಅಟ್ಟಣಿಗೆ ಮೇಲೆ ಕೂತು ಕಾಯುವವನು ಅವನೇ.

ಕೊಳ್ಳುವ ಆಸೆ ಇರುವ ನಮ್ಮವರಿಗೂ ಒಂದು ಮಾತು. 2020ರ ಭೂ ಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು ಎಂದಾಯಿತು. ಆದರೆ ಹೊಲ ಕೊಂಡ ಮಾತ್ರಕ್ಕೆ ಅಲ್ಲಿ ಬಡಾವಣೆ ಕಟ್ಟುವ ಹಕ್ಕು ಬರುವುದಿಲ್ಲ. ಅದಕ್ಕೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂ ಪರಿವರ್ತನೆ ಬೇಕು. ಮುಂಗಡ ಕೊಡುವ ಮುಂಚೆ ಆ ಆದೇಶ, ಪಹಣಿ, ಸರ್ವೆ ನಕ್ಷೆ ಮೂರನ್ನೂ ಕೇಳಿ ನೋಡಿ. ಜಾಗವನ್ನು ಬೇಸಿಗೆಯಲ್ಲಿ ಅಷ್ಟೇ ನೋಡಬೇಡಿ, ಆಷಾಢದ ಮಳೆಯಲ್ಲೂ ಒಮ್ಮೆ ಹೋಗಿ ಬನ್ನಿ.

ಬೆಟ್ಟ ಮತ್ತು ಕಡಲಿನ ನಡುವೆ ಬದುಕುವುದು ಹೇಗೆಂದು ಯಲ್ಲಾಪುರ, ಹಳಿಯಾಳದ ಸಿದ್ದಿಗಳಿಗೆ, ಗೌಳಿಗಳಿಗೆ, ಘಟ್ಟದ ತೋಟಿಗರಿಗೆ ಗೊತ್ತಿದೆ. ನೀರಿನ ದಾರಿ ಬಿಟ್ಟು ಮನೆ ಕಟ್ಟಬೇಕು ಅನ್ನುವುದನ್ನು ಅವರು ಪುಸ್ತಕದಿಂದ ಕಲಿತಿಲ್ಲ. ಪ್ಲಾಟ್ ಮಾಡುವವರು ಅವರನ್ನು ಗೇಟಿನ ವಾಚ್‌ಮನ್ ಮಾಡಿಕೊಳ್ಳುವ ಮುಂಚೆ ಅವರ ಮಾತು ಕೇಳಲಿ.

ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಬಾಯಿಮಾತು ಮಳೆಗೆ ಕೊಚ್ಚಿ ಹೋಗುತ್ತದೆ, ಬರೆಸಿದ್ದು ಉಳಿಯುತ್ತದೆ.