ವಿದ್ಯಾರ್ಥಿವೇತನದ ತೂಕ

ಕಳೆದ ವಾರ ನೆರೆಮನೆಯ ನಿವೃತ್ತ ಉಪಾಧ್ಯಾಯರು, ಮಗಳಿಗೆ ಬಂದ ಎರಡು ಪ್ರವೇಶಪತ್ರಗಳನ್ನು ಜಗಲಿಯ ಮೇಲೆ ಹರಡಿ, ಹೆಸರಾಂತ ಎಂಬಿಎ ಸಂಸ್ಥೆಯೊಂದಕ್ಕಾಗಿ 20 ಲಕ್ಷ ರೂಪಾಯಿ ಸಾಲ ಮಾಡುವುದೋ, ಅಷ್ಟು ಖ್ಯಾತಿಯಿಲ್ಲದಿದ್ದರೂ ಪೂರ್ಣ ವಿದ್ಯಾರ್ಥಿವೇತನವೀಯುವ ಇನ್ನೊಂದನ್ನು ಆರಿಸುವುದೋ ಎಂದು ಕೇಳಿದರು. ಪತ್ರದ ಅಂಚಿನಲ್ಲಿಯೇ ಸೀಸದ ಕಡ್ಡಿಯಿಂದ ಲೆಕ್ಕ ಹಾಕಿದೆವು: ಓದುವ ಕಾಲದ ಬಡ್ಡಿಯನ್ನು ಬಿಟ್ಟರೂ, ಶೇಕಡಾ 10ರ ದರದಲ್ಲಿ 10 ವರ್ಷ, ತಿಂಗಳಿಗೆ ಸುಮಾರು 26,400 ರೂಪಾಯಿ, ಒಟ್ಟು 31 ಲಕ್ಷಕ್ಕೂ ಮಿಗಿಲು. ಹಳೆಯ ತೆರಿಗೆ ಪದ್ಧತಿಯಲ್ಲಿ ಬಡ್ಡಿಗೆ 8 ವರ್ಷ ವಿನಾಯಿತಿಯುಂಟು, ಅಸಲಿಗಿಲ್ಲ.

1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಐಐಎಂನಂಥ ಸಂಸ್ಥೆಯ ಕೀರ್ತಿಗೆ, ಅಲ್ಲಿನ ಸಹಪಾಠಿಗಳ ಬಳಗಕ್ಕೆ, ನೇಮಕಾತಿಗೆ ಬರುವ ಕಂಪನಿಗಳಿಗೆ ಬೆಲೆಯಿಲ್ಲವೆಂದು ನಾನು ಹೇಳಲಾರೆ. ಆದರೆ ಸಾಲದ ಭಾರ ಹೊತ್ತ ತರುಣಿಯು, ಮನಸ್ಸಿಗೊಪ್ಪುವ ಕಡಿಮೆ ಸಂಬಳದ ಕೆಲಸವನ್ನಾಗಲಿ ಸ್ವಂತ ಉದ್ಯಮವನ್ನಾಗಲಿ ಆಯ್ದುಕೊಳ್ಳುವ ಸ್ವಾತಂತ್ರ್ಯವನ್ನೇ ಮೊದಲು ಒತ್ತೆಯಿಡುತ್ತಾಳೆ. ಆದುದರಿಂದ, ಎರಡು ಸಂಸ್ಥೆಗಳ ಅಂತರವು ಕಿರಿದಾಗಿದ್ದಲ್ಲಿ, ವಿದ್ಯಾರ್ಥಿವೇತನವೀಯುವುದನ್ನೇ ಆರಿಸತಕ್ಕದ್ದೆಂಬುದು ನನ್ನ ದೃಢಮತ.

ಆದರೆ ಪೋಷಕರೇ, ಒಪ್ಪಿಗೆಯ ರುಜು ಹಾಕುವ ಮುನ್ನ, ಎರಡನೆಯ ವರ್ಷವೂ ಆ ನೆರವು ದೊರೆಯಲು ಎಷ್ಟು ಅಂಕಗಳು ಬೇಕೆಂಬುದನ್ನು ಸಂಸ್ಥೆಯಿಂದ ಬರವಣಿಗೆಯಲ್ಲಿ ಪಡೆಯಿರಿ.