ಯುದ್ಧದ ತೇಜಿ, ಶಾಂತಿಯ ಮಂದಿ

ಯುರೋಪಿನಲ್ಲಿ ತೋಪು ಸಿಡಿದರೆ ನಮ್ಮ ಗಂಜಿನ ವ್ಯಾಪಾರಕ್ಕೇನು ಸಂಬಂಧವೆಂದು ಕೇಳುವವರು ಈಗ ವಿರಳ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಕೆಲವೇ ವಾರಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಧಾರಣೆ ಏರಿದ್ದನ್ನು ಕಿರಾಣಿ ವರ್ತಕರೆಲ್ಲರೂ ಕಂಡಿದ್ದಾರೆ. ಆದರೆ ಯುದ್ಧದ ಆರಂಭಕ್ಕಿಂತ ಅದರ ಮುಕ್ತಾಯವೇ ವರ್ತಕನಿಗೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮೊದಲನೆಯ ಮಹಾಯುದ್ಧದ ಲೆಕ್ಕವನ್ನು ತೆರೆದು ನೋಡಿದರೆ ಇದು ಮನದಟ್ಟಾಗುತ್ತದೆ.

1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆಯಾಯಿತು. ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು; ಅದರೊಡನೆ ಭಾರತವೂ ಸಿಲುಕಿತು. ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಎಂಬ ಜರ್ಮನ್ ನೌಕೆ ಮದರಾಸಿನ ತೈಲ ತೊಟ್ಟಿಗಳ ಮೇಲೆ ಗುಂಡಿನ ಮಳೆಗರೆಯಿತು. ಮೈಸೂರು ಸಂಸ್ಥಾನಕ್ಕೆ ಬಿದ್ದ ಪೆಟ್ಟು ಬೇರೆ ಬಗೆಯದು. ಅಲ್ಲಿಯ ಶ್ರೀಗಂಧದ ಬಹುಭಾಗ ಹರಾಜಾಗಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧದಿಂದ ಆ ಮಾರುಕಟ್ಟೆ ಒಮ್ಮೆಲೇ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ಮತ್ತು ದಿವಾನ ವಿಶ್ವೇಶ್ವರಯ್ಯನವರು ಕೊರಡುಗಳನ್ನು ಗೋದಾಮಿನಲ್ಲಿಟ್ಟು ಕಾಯುತ್ತ ಕೂಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಗಂಧದೆಣ್ಣೆ ತೆಗೆಯುವ ಕಾರ್ಯ ಆರಂಭವಾಯಿತು. 1918ರ ವೇಳೆಗೆ ಸಾಬೂನು ಕಾರ್ಖಾನೆಯೂ ಬಂದಿತು. ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿದ್ದೂ ಅದೇ 1916ರಲ್ಲಿ.

ಆಗ ನಮ್ಮ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಯುದ್ಧಕಾಲದಲ್ಲಿ ಬೆಳ್ಳಿಯ ಬೆಲೆ ಏರುತ್ತ ಹೋಗಿ, 1917ರಲ್ಲಿ ರೂಪಾಯಿಯ ಬೆಳ್ಳಿ ಅದರ ಮುಖಬೆಲೆಯನ್ನೇ ಮೀರುವ ಸ್ಥಿತಿ ಬಂದಿತು. ಬ್ರಿಟಿಷ್ ಸರಕಾರ ಆ ವರ್ಷದ ನವೆಂಬರ್ 30ರಂದು 1 ರೂಪಾಯಿಯ ನೋಟನ್ನು ಹೊರಡಿಸಿತು. 1918ರಲ್ಲಿ ನಿಜಾಮ ಸರಕಾರವೂ ತನ್ನದೇ ಕಾಗದದ ನಾಣ್ಯವನ್ನು ಆರಂಭಿಸಿತು. ಬೆಳ್ಳಿಯ ಸಿಕ್ಕಾವನ್ನು ಎಣಿಸಿ ತೂಗಿ ನೋಡುತ್ತಿದ್ದ ಪೇಟೆಗೆ ಕಾಗದವನ್ನು ನಂಬುವುದನ್ನು ಕಲಿಸಿದ್ದೂ ಯುದ್ಧವೇ.

1918ರ ನವೆಂಬರ್ 11ರಂದು ತೋಪುಗಳು ಮೌನವಾದವು. 1919ರ ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿದ್ದಿತು. ವರ್ತಕರ ನಿಜವಾದ ಪರೀಕ್ಷೆ ಆರಂಭವಾದದ್ದು ಆನಂತರ. ಯುದ್ಧಕ್ಕೆ ಮೊದಲು 1 ಶಿಲ್ಲಿಂಗ್ 4 ಪೆನ್ಸ್ ಇದ್ದ ರೂಪಾಯಿಯ ವಿನಿಮಯ ದರ 1920ರ ಆರಂಭದಲ್ಲಿ 2 ಶಿಲ್ಲಿಂಗನ್ನು ದಾಟಿತು. ವಿದೇಶಿ ಸರಕು ಅಗ್ಗವಾಯಿತೆಂದು ಆಮದುದಾರರು ಧಾರಾಳವಾಗಿ ಬೇಡಿಕೆ ಸಲ್ಲಿಸಿದರು. ಸರಕು ಬಂದರಿಗೆ ಬರುವಷ್ಟರಲ್ಲಿ ದರ ಕುಸಿಯತೊಡಗಿತು; 1921ರಲ್ಲಿ ಅದು ಹಳೆಯ ಮಟ್ಟದ ಆಸುಪಾಸಿಗೇ ಇಳಿಯಿತು. ಲೆಕ್ಕ ಸರಳ: 2 ಶಿಲ್ಲಿಂಗ್ ದರದಲ್ಲಿ 1 ಪೌಂಡಿಗೆ 10 ರೂಪಾಯಿ; 1 ಶಿಲ್ಲಿಂಗ್ 4 ಪೆನ್ಸ್ ದರದಲ್ಲಿ 15 ರೂಪಾಯಿ. ಅದೇ ಹೊತ್ತಿಗೆ ಜಗತ್ತಿನಾದ್ಯಂತ ಸರಕಿನ ಬೆಲೆಯೂ ಬಿದ್ದಿತು. ಹೀಗೆ ಅನೇಕರು ಎರಡೂ ಕಡೆಯಿಂದ ಪೆಟ್ಟು ತಿಂದರು.

ಇಂದು ತೊಗರಿಯನ್ನು ವಿದೇಶದಿಂದಲೂ ತರಿಸುವ, ಯಂತ್ರೋಪಕರಣಗಳನ್ನು ಡಾಲರ್ ಲೆಕ್ಕದಲ್ಲಿ ಕೊಳ್ಳುವ ಕಾಲವಿದು. ಆದ್ದರಿಂದ ನಮ್ಮ ವರ್ತಕ ಬಾಂಧವರು ಮೂರು ವಿಷಯಗಳನ್ನು ಗಮನಿಸಬೇಕೆಂದು ಕೋರುತ್ತೇನೆ. ಮೊದಲನೆಯದಾಗಿ, ತೇಜಿಯಲ್ಲಿ ಬಂದ ಲಾಭ ಕಾಯಂ ಆದಾಯವಲ್ಲ. ಅದನ್ನೇ ನಂಬಿ ಬ್ಯಾಂಕ್ ಸಾಲದಿಂದ ಮಿಲ್ ವಿಸ್ತರಿಸುವುದಕ್ಕೆ ಮುನ್ನ ಒಂದು ಪಾಲನ್ನು ಮೀಸಲು ನಿಧಿಯಾಗಿ ತೆಗೆದಿಡಬೇಕು. ಎರಡನೆಯದಾಗಿ, ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಲೆಕ್ಕ ಹಿಡಿಯಬೇಕು. ಇದನ್ನು ಲೆಕ್ಕಪರಿಶೋಧಕರ ಕಿರಿಕಿರಿಯೆಂದು ಭಾವಿಸುವವರುಂಟು. ಧಾರಣೆ ಬಿದ್ದ ವರ್ಷದಲ್ಲಿ ಇಲ್ಲದ ಲಾಭವನ್ನು ಹಂಚಿಕೊಳ್ಳದಂತೆ ತಡೆಯುವುದು ಈ ನಿಯಮವೇ. ಮೂರನೆಯದಾಗಿ, ವಿದೇಶಿ ವಿನಿಮಯದ ವ್ಯವಹಾರವಿದ್ದವರು ಬ್ಯಾಂಕಿನಲ್ಲಿ ಮುಂಗಡ ದರವನ್ನು ಗೊತ್ತುಪಡಿಸಿಕೊಳ್ಳಬೇಕು. ಅದರ ಖರ್ಚು ವಿಮಾ ಕಂತಿನಂತೆಯೇ ಸರಿ.

ಸಣ್ಣ ಘಟಕಗಳಿಗೆ ಇದು ಒಬ್ಬೊಬ್ಬರಾಗಿ ಕಷ್ಟಸಾಧ್ಯವೆಂಬುದು ನಿಜ. ಆದಕಾರಣ ನಮ್ಮ ಮಂಡಳಿಯು ಮೂರು ತಿಂಗಳಿಗೊಮ್ಮೆ ಬ್ಯಾಂಕ್ ಅಧಿಕಾರಿಗಳನ್ನೂ ದಾಲ್ ಮಿಲ್ ಮಾಲೀಕರನ್ನೂ ಅಡತಿ ವರ್ತಕರನ್ನೂ ಒಂದೆಡೆ ಕೂಡಿಸಿ ಈ ವಿಷಯಗಳ ಕುರಿತು ಸಮಾಲೋಚನೆ ಏರ್ಪಡಿಸುವುದು ಅವಶ್ಯ. ಮೊದಲ ಸಭೆ ಮುಂದಿನ ತೊಗರಿ ಸುಗ್ಗಿಗೆ ಮುನ್ನವೇ ನಡೆಯಲೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.