ಡಬ್ಬಿ ಕಂಡು ಕನ್ನಡ ಬಿಡಬೇಡಿ!

ಕನ್ನಡದ ತರುಣರೇ,

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಿಮ್ಮ ಮನೆಯ ಮೂಲೆಯಲ್ಲಿ ಹಳೆಯ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಉಳಿದಿದೆಯೇ? ಯೂನಿಕೋಡ್ ಕನ್ನಡ ತೆರೆದರೆ ಬರೀ ಚೌಕದ ಡಬ್ಬಿಗಳೇ? ‘ಇದರಾಗ ಕನ್ನಡ ಬರೂದಿಲ್ಲ’ ಎನ್ನಬೇಡಿ. 2001ರ ಎಕ್ಸ್‌ಪಿಯಲ್ಲೇ ಕನ್ನಡವಿದೆ, ‘ತುಂಗಾ’ ಫಾಂಟ್ ಇದೆ. ಬೀಗ ಹಾಕಿಟ್ಟಿದ್ದಾರೆ ಅಷ್ಟೇ!

ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ಗೆ ಹೋಗಿ. ಲ್ಯಾಂಗ್ವೇಜಸ್ ಪುಟದಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಸಾಲಿಗೆ ಗುರುತು ಹಾಕಿ. (ನಮ್ಮ ದುಂಡು ಲಿಪಿ ಅವರಿಗೆ ಜಟಿಲವಂತೆ!) ಫೈಲ್ ಸಿಗುತ್ತಿಲ್ಲ ಎಂದು ತಕರಾರು ಬಂದರೆ ಎಕ್ಸ್‌ಪಿ ಸಿಡಿ ಹಾಕಿ, ಅದರ ಐ386 ಫೋಲ್ಡರ್ ತೋರಿಸಿ. ಯಂತ್ರ ಆರಿಸಿ ಮತ್ತೆ ಚಾಲೂ ಮಾಡಿ.

ನನ್ನ ಪ್ರೆಸ್ಸಿಗೆ ಸಿಡಿ ಕೊಡದೇ ಯಂತ್ರ ಮಾರಿದ್ದರು. ವಾರಗಟ್ಟಲೆ ಲಗ್ನಪತ್ರಿಕೆಗಳು ನಿಂತವು. 2014ರಲ್ಲಿ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತಿದೆ, ಇಂಟರ್‌ನೆಟ್‌ಗೆ ಜೋಡಿಸಬೇಡಿ, ಬರವಣಿಗೆಗೆ ಸಾಕು. ಹಳೆಯ ಯಂತ್ರ ಕೊಳ್ಳುವಾಗ ಕನ್ನಡ ಮೂಡಿಸಿ ತೋರಿಸಲಿ, ಆಮೇಲೆ ರೊಕ್ಕ ಎಣಿಸಿ!